ಬೇಡಿಕೆಗೆ ತಕ್ಕ ಬಾಗಿಲು
ಮಹಾರಾಷ್ಟ್ರದ ಮಾಕಣಿಯಲ್ಲಿ ತೇರಣಾ ನದಿಗೆ ಅಣೆಕಟ್ಟಿದೆ. ಮಳೆಗಾಲದಲ್ಲಿ ಒಳಹರಿವು ಹೆಚ್ಚಿದರೆ ಬಾಗಿಲು ತೆರೆಯುತ್ತಾರೆ, ಇಳಿದರೆ ಮುಚ್ಚುತ್ತಾರೆ. ಅಂತರ್ಜಾಲದ ಮೂಲಕ ಬಾಡಿಗೆಗೆ ಸಿಗುವ ಗಣಕಯಂತ್ರಗಳ ಸಮೂಹಕ್ಕೆ 'ಕ್ಲೌಡ್' ಎಂದು ಹೆಸರು. ಅಲ್ಲಿ ಇಂಥದೇ ಕಾವಲು ಕೆಲಸ ಮಾಡುವುದು, ಗೂಗಲ್ 2014ರಲ್ಲಿ ಮುಕ್ತವಾಗಿ ನೀಡಿದ 'ಕ್ಯೂಬರ್ನೆಟಿಸ್'. ತಂತ್ರಾಂಶವನ್ನು ಅದಕ್ಕೆ ಬೇಕಾದ ಸಾಮಗ್ರಿಯೊಡನೆ ಕಟ್ಟಿಟ್ಟ ಬುತ್ತಿಯೇ 'ಕಂಟೇನರ್'. ಬಳಸುವವರು ಹೆಚ್ಚಿದರೆ ಬುತ್ತಿಗಳೂ ಹೆಚ್ಚುತ್ತವೆ. ಒಂದು ಕೆಟ್ಟರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ.

2017ರಲ್ಲಿ ಆರಂಭವಾದ 'ದೀಕ್ಷಾ' ಶಾಲಾ ಪಾಠಜಾಲಕ್ಕೆ ಆಧಾರವಾದ 'ಸನ್‌ಬರ್ಡ್' ತಂತ್ರಾಂಶ ನಡೆಯುವುದೂ ಇಂಥ ಬುತ್ತಿಗಳಲ್ಲೇ. ಕನ್ನಡ ಪಾಠ ಕೇಳುವ ಮಗು ಒಂದೇ ಇರಲಿ, ಸಾವಿರವಿರಲಿ, ಯಂತ್ರಕ್ಕೆ ಬೇಸರವಿಲ್ಲ. 'ಮಕ್ಕಳು ಕಡಿಮೆ' ಎಂಬ, ಗಡಿನಾಡಿಗೆ ಚಿರಪರಿಚಿತವಾದ ನೆಪವೂ ಅಲ್ಲಿಲ್ಲ. ಆದರೆ ಕಟ್ಟೆಯೇ ತುಂಬದಿದ್ದರೆ ಬಾಗಿಲು ತೆರೆದು ಫಲವೇನು? ಕನ್ನಡದ ಪಾಠಗಳನ್ನು ತುಂಬಬೇಕಾದವರು ನಾವೇ.