ಮಾತಿಲ್ಲದ ಉಪನ್ಯಾಸ

೧೯೦೩ನೆಯ ಇಸವಿ, ಅಕ್ಟೋಬರ್ ೩೧. ನ್ಯೂಯಾರ್ಕ್ ನಗರದಲ್ಲಿ ಅಮೆರಿಕದ ಗಣಿತ ಸಂಘದ ಸಭೆ ಸೇರಿತ್ತು. ಬೃಹತ್ ಸಂಖ್ಯೆಗಳ ಅಪವರ್ತನವನ್ನು ಕುರಿತು ಉಪನ್ಯಾಸ ಮಾಡಬೇಕಾಗಿದ್ದವರು ಕೊಲಂಬಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಫ್ರ್ಯಾಂಕ್ ನೆಲ್ಸನ್ ಕೋಲ್. ಆದರೆ ಅಂದು ಅವರು ತುಟಿಪಿಟಕ್ಕೆನ್ನಲಿಲ್ಲವೆಂದು ಗಣಿತಜ್ಞ ಬೆಲ್ ಬರೆದಿದ್ದಾರೆ.

ಕೋಲ್ ಎದ್ದು ಕಪ್ಪುಹಲಗೆಯ ಬಳಿಗೆ ಹೋದರು. ಎರಡರ ೬೭ನೆಯ ಘಾತವನ್ನು ಗಣಿಸಿ ಅದರಿಂದ ಒಂದನ್ನು ಕಳೆದರು. ದೊರೆತುದು ಇಪ್ಪತ್ತೊಂದು ಅಂಕಿಗಳ ಸಂಖ್ಯೆ: ೧೪,೭೫,೭೩,೯೫,೨೫,೮೯,೬೭,೬೪,೧೨,೯೨೭. ಬಳಿಕ ಹಲಗೆಯ ಬರಿದಾದ ಭಾಗಕ್ಕೆ ಸರಿದು ೧೯,೩೭,೦೭,೭೨೧ನ್ನು ೭,೬೧,೮೩,೮೨,೫೭,೨೮೭ರಿಂದ ಗುಣಿಸಿದರು. ಎರಡು ಕಡೆಯ ಉತ್ತರವೂ ಒಂದೇ! ಕೋಲ್ ಸೀಮೆಸುಣ್ಣವನ್ನಿಟ್ಟು ಸ್ವಸ್ಥಾನದಲ್ಲಿ ಕುಳಿತರು. ಸಭೆ ಕರತಾಡನ ಮಾಡಿತು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಒಂದು ಗುಣಾಕಾರಕ್ಕೆ ಇಷ್ಟೊಂದು ಮನ್ನಣೆಯೇಕೆ? ಒಂದರಿಂದಲೂ ತನ್ನಿಂದಲೂ ಅಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ. ಎರಡರ ಐದನೆಯ ಘಾತದಿಂದ ಒಂದನ್ನು ಕಳೆದರೆ ೩೧, ಇದು ಅವಿಭಾಜ್ಯ. ಹನ್ನೊಂದನೆಯ ಘಾತದಿಂದ ಕಳೆದರೆ ೨೦೪೭. ಇದಾದರೋ ೨೩ ಮತ್ತು ೮೯ರ ಗುಣಲಬ್ಧ. ಇಂತಹ ಸಂಖ್ಯೆಗಳಲ್ಲಿ ಅವಿಭಾಜ್ಯಗಳಾವುವೆಂಬ ಪಟ್ಟಿಯೊಂದನ್ನು ಫ್ರಾನ್ಸಿನ ಸಂನ್ಯಾಸಿ ಮರ್ಸೆನ್ ೧೬೪೪ರಲ್ಲಿ ಪ್ರಕಟಿಸಿದನು. ಅದರಲ್ಲಿ ೬೭ನೆಯ ಘಾತವೂ ಸೇರಿತ್ತು. ಎರಡು ಶತಮಾನಗಳ ಕಾಲ ಆ ಮಾತನ್ನು ಅಲ್ಲಗಳೆಯುವ ಪ್ರಮಾಣ ಹುಟ್ಟಲಿಲ್ಲ. ೧೮೭೬ರಲ್ಲಿ ಲೂಕಾಸ್ ಎಂಬ ವಿದ್ವಾಂಸನು ಈ ಸಂಖ್ಯೆ ಅವಿಭಾಜ್ಯವಲ್ಲವೆಂದು ತೋರಿಸಿದನು. ಆದರೆ ಅವನ ವಿಧಾನ ಅಪವರ್ತನಗಳನ್ನು ತಿಳಿಸುವಂಥದಲ್ಲ. ಹಿತ್ತಿಲಲ್ಲಿ ನಿಧಿಯಿರುವುದು ನಿಶ್ಚಯವಾಯಿತು. ಅಗೆಯಬೇಕಾದ ಸ್ಥಳ ಮಾತ್ರ ತಿಳಿಯಲಿಲ್ಲ.

ಈ ಸಂಖ್ಯೆಯ ಯಾವ ಭಾಜಕವಾದರೂ ೧೩೪ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಲೇಬೇಕೆಂಬ ನಿಯಮವುಂಟು. ಈ ನಿಯಮವೊಂದನ್ನೇ ನಂಬಿ ಹೊರಟವನು ೧೪,೪೫,೫೮೦ನೆಯ ಮೆಟ್ಟಿಲನ್ನು ಮುಟ್ಟಿದ ಮೇಲೆಯೇ ಚಿಕ್ಕ ಭಾಜಕವನ್ನು ಕಾಣುವನು. ಕೋಲ್ ಇನ್ನೂ ಸೂಕ್ಷ್ಮವಾದ ಉಪಾಯಗಳಿಂದ ಈ ಅರಣ್ಯವನ್ನು ಸವರುತ್ತ ನಡೆದರು. ಎಷ್ಟು ಕಾಲ ಹಿಡಿಯಿತೆಂದು ಬೆಲ್ ೧೯೧೧ರಲ್ಲಿ ಕೇಳಿದಾಗ, ಮೂರು ವರ್ಷಗಳ ಭಾನುವಾರಗಳೆಂದು ಉತ್ತರವಿತ್ತರಂತೆ.

ಇಂದಿನ ಗಣಕಯಂತ್ರಕ್ಕೆ ಇದು ಕಣ್ಣೆವೆಯಿಕ್ಕುವಷ್ಟರ ಕೆಲಸ. ಆದರೂ ಸಂಖ್ಯೆಯ ಗಾತ್ರವನ್ನು ನೂರಾರು ಅಂಕಿಗಳಿಗೆ ಬೆಳೆಸಿದರೆ ಆ ಯಂತ್ರವೂ ಸೋಲಬಲ್ಲದು. ಎರಡು ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮರಳಿ ಒಡೆಯುವುದು ದುಸ್ಸಾಧ್ಯ. ೧೯೭೭ರಲ್ಲಿ ರೂಪುಗೊಂಡ ಪ್ರಸಿದ್ಧ ಗೂಢಲಿಪಿಯೊಂದರ ಭದ್ರತೆ ನಿಂತಿರುವುದು ಈ ತತ್ತ್ವದ ಮೇಲೆಯೇ.

ಶತಮಾನಗಳ ನಂಬಿಕೆಯನ್ನು ತೊಡೆಯಲು ಕೋಲ್ ಅವರಿಗೆ ವಾದ ಬೇಕಾಗಲಿಲ್ಲ. ಅವರ ಮೂರು ವರ್ಷಗಳ ದುಡಿಮೆಯನ್ನು ಶಾಲೆಯ ಬಾಲಕನೂ ಒಂದು ಮಧ್ಯಾಹ್ನದಲ್ಲಿ ಹಲಗೆ ಬಳಪ ಹಿಡಿದು ಪರೀಕ್ಷಿಸಿ ನೋಡಬಹುದು. ಆ ಮೌನಕ್ಕಿಂತ ಮಿಗಿಲಾದ ಸಮರ್ಥನೆ ಇನ್ನೇನಿದ್ದೀತು?