ಗುಡ್ಡದ ಬೆಂಕಿಗೆ ಗಣಿಯ ದುಡ್ಡು

ಸಂಕ್ರಾಂತಿ ಕಳೆದರೆ ಸಾಕು, ಮರಿಯಮ್ಮನಹಳ್ಳಿಯಿಂದ ಹೊಸಪೇಟೆ ಕಡೆಗೆ ಹೊರಟವರಿಗೆ ಗುಂಡಾ ಕಾಡಿನ ಗುಡ್ಡಗಳು ಬಣ್ಣಗೆಟ್ಟು ಕಾಣತೊಡಗುತ್ತವೆ. ಮಳೆಗಾಲದಲ್ಲಿ ಎದ್ದ ಹುಲ್ಲು ಒಣಗಿ ಗರಿಗರಿಯಾಗಿರುತ್ತದೆ. ಕಮರ, ದಿಂಡಿಗ, ತುಗ್ಗಲಿ ಎಲೆ ಉದುರಿಸಿ ನಿಂತಿರುತ್ತವೆ. ಸಂಡೂರಿನ ಸ್ವಾಮಿಮಲೆ, ರಾಮನಮಲೆ, ದೋಣಿಮಲೆಗಳಲ್ಲೂ, ಕಮಲಾಪುರದಾಚೆಯ ದರೋಜಿ ಕರಡಿಧಾಮದಲ್ಲೂ ಇದೇ ಕತೆ. ಆಮೇಲೆ ಯಾರೋ ಎಸೆದ ಒಂದು ಬೀಡಿ ತುಂಡು ಸಾಕು. ರಾತ್ರಿ ಹೊತ್ತಿಗೆ ಗುಡ್ಡದ ಮೇಲೆ ಕೆಂಪು ಗೆರೆ ಹರಿದಾಡುತ್ತದೆ. ಬೆಂಕಿ ಕಾಡಲ್ಲೇ ನಿಲ್ಲುವುದೂ ಇಲ್ಲ. ಅಂಚಿನ ಹೊಲ, ಬಣವೆ, ಕುರಿ ರೊಪ್ಪ ಎಲ್ಲವೂ ಅದರ ದಾರಿಯಲ್ಲೇ ಇವೆ.

ಈ ಬೆಂಕಿ ತಡೆಯಲು ಸರ್ಕಾರ ದುಡ್ಡು ಖರ್ಚು ಮಾಡುವ ಪದ್ಧತಿ ಒಂದೇ ಸಲಕ್ಕೆ ಬಂದದ್ದಲ್ಲ. ಬಹಳ ಕಾಲ ಇಲ್ಲಿ ಕಾನೂನಿತ್ತು, ದುಡ್ಡಿರಲಿಲ್ಲ.

1860ರ ದಶಕದಲ್ಲಿ ಮಧ್ಯಪ್ರಾಂತದ ಬೋರಿ ಕಾಡಿನಲ್ಲಿ ಬ್ರಿಟಿಷ್ ಅರಣ್ಯಾಧಿಕಾರಿಗಳು ಬೆಂಕಿ ತಡೆಯುವ ಪ್ರಯೋಗ ಮಾಡಿ ಗೆದ್ದ ಮೇಲೆ, ಕಾಡಿಗೆ ಬೆಂಕಿ ಹಚ್ಚುವುದು ದೇಶದ ತುಂಬ ಅಪರಾಧವಾಯಿತು. ಬಳ್ಳಾರಿ ಆಗ ಮದರಾಸಿಗೆ ಸೇರಿತ್ತು. 1882ರ ಮದರಾಸು ಅರಣ್ಯ ಕಾಯ್ದೆ ಇಲ್ಲಿಗೂ ಬಂತು. ಸಂಡೂರು ಮಾತ್ರ 1949ರವರೆಗೆ ಘೋರ್ಪಡೆ ಅರಸರ ಸಂಸ್ಥಾನ. ಕುರಿಗಾರನಿಗೆ ಬೆಂಕಿ ಎಂದರೆ ಮುಂಗಾರಿನ ಎಳೆ ಹುಲ್ಲಿನ ಆಸೆ. ಸರ್ಕಾರದ ಲೆಕ್ಕದಲ್ಲಿ ಅದೇ ಮರಮುಟ್ಟಿನ ನಷ್ಟ. ಬೆಂಕಿ ಬಿದ್ದಾಗ ಆರಿಸುವವರು ಯಾರು? ಮೇವು, ಸೌದೆಯ ಹಕ್ಕಿದ್ದವರೇ ಬಂದು ಆರಿಸಬೇಕು, ಬರದಿದ್ದರೆ ತಪ್ಪು ಎಂಬುದು ಆ ಕಾಲದ ಅರಣ್ಯ ಕಾನೂನುಗಳ ರೀತಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, 1963ರಲ್ಲಿ ನಮ್ಮದೇ ಅರಣ್ಯ ಕಾಯ್ದೆಯೂ ಬಂತು. ಹಳ್ಳಿಯವರು ನೆರವಿಗೆ ಬರಲೇಬೇಕೆಂಬ ಮಾತು ಅದರಲ್ಲೂ ಉಳಿಯಿತು. ಬೇಸಿಗೆಯ ಬಿಸಿಲಲ್ಲಿ ಗುಡ್ಡ ಹತ್ತಿ ಸೊಪ್ಪಿನ ಕೊಂಬೆಯಿಂದ ಬೆಂಕಿ ಬಡಿದವರ ಬೆವರಿಗೆ ಬಜೆಟ್ಟಿನಲ್ಲಿ ಒಂದು ಸಾಲಿನ ಜಾಗವೂ ಇರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಕೇಂದ್ರದ ದುಡ್ಡು ಮೊದಲು ಬಂದದ್ದು 1984ರ ಸುಮಾರಿಗೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಮಹಾರಾಷ್ಟ್ರದ ಚಂದ್ರಾಪುರ ಮತ್ತು ಆಗಿನ ಉತ್ತರ ಪ್ರದೇಶದ ಹಲ್ದ್ವಾನಿಯಲ್ಲಿ ಆಧುನಿಕ ರೀತಿಯ ಬೆಂಕಿ ನಿಯಂತ್ರಣದ ಪ್ರಯೋಗ ನಡೆಯಿತು. ಅದೇ ಮುಂದೆ ಹೆಸರು ಬದಲಿಸುತ್ತ ಬಂದು, 2017-18ರ ಹೊತ್ತಿಗೆ ಕಾಡ್ಗಿಚ್ಚು ತಡೆ ಮತ್ತು ನಿರ್ವಹಣೆಯದೇ ಪ್ರತ್ಯೇಕ ಯೋಜನೆಯಾಯಿತು. ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಈ ನಡುವೆ 1993ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿ ಗ್ರಾಮ ಅರಣ್ಯ ಸಮಿತಿಗಳಿಗೆ ದಾರಿ ಮಾಡಿತ್ತು. ಬಯಲುಸೀಮೆಯಲ್ಲಿ ಜಪಾನಿನ ಸಾಲದ ನೆರವಿನಿಂದ ಇಂಥ ಸಮಿತಿಗಳು ಎದ್ದವು. ಕಾಡು ಕಾಯುವವರಿಗೆ ಅದರ ಫಸಲಿನಲ್ಲಿ ಪಾಲು ಎಂದು ಸರ್ಕಾರ ಬರೆದುಕೊಟ್ಟದ್ದು ಆಗ. ಸಾಲದ ಅವಧಿ ಮುಗಿದಲ್ಲಿ ಸಮಿತಿಗಳ ಉಸಿರೂ ಕ್ಷೀಣಿಸಿತು.

ನಮ್ಮ ಸೀಮೆಯ ಮಟ್ಟಿಗೆ ದೊಡ್ಡ ತಿರುವು ಕೊಟ್ಟದ್ದು ಗಣಿ. ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ, ಕಾಡನ್ನು ಬೇರೆ ಉದ್ದೇಶಕ್ಕೆ ಪಡೆಯುವವರು ಹೊಸ ಕಾಡು ಬೆಳೆಸುವ ಖರ್ಚಿನ ಜೊತೆಗೆ ಆ ಕಾಡಿನ ನಿವ್ವಳ ಬೆಲೆಯನ್ನೂ ಕಟ್ಟಬೇಕೆಂದಿತು. ಆಗ ಹೆಕ್ಟೇರಿಗೆ 5.80 ಲಕ್ಷದಿಂದ 9.20 ಲಕ್ಷ ರೂಪಾಯಿ. ಸಂಡೂರು, ಹೊಸಪೇಟೆಯ ಅದಿರು ಇದ್ದದ್ದೇ ಕಾಡಿನ ಅಡಿಯಲ್ಲಿ. ಹೀಗೆ ದೇಶದ ಗಣಿ, ಅಣೆಕಟ್ಟು, ರಸ್ತೆಗಳಿಂದ ಬಂದ ಹಣ ದೆಹಲಿಯ ಖಾತೆಯಲ್ಲಿ ವರ್ಷಗಟ್ಟಲೆ ಕೂತಿತು. 2016ರ ಪರಿಹಾರ ಅರಣ್ಯೀಕರಣ ನಿಧಿ ಕಾಯ್ದೆ 2018ರಲ್ಲಿ ಜಾರಿಯಾದ ಮೇಲೆ, 2019ರ ಆಗಸ್ಟ್‌ನಲ್ಲಿ ಕೇಂದ್ರ ರಾಜ್ಯಗಳಿಗೆ 47,436 ಕೋಟಿ ರೂಪಾಯಿ ಬಿಟ್ಟುಕೊಟ್ಟಿತು. ಕರ್ನಾಟಕದ ಪಾಲು 1,350 ಕೋಟಿ. ‘ಕ್ಯಾಂಪಾ’ ಎಂದು ಅರಣ್ಯ ಇಲಾಖೆಯವರೆಲ್ಲ ಕರೆಯುವ ಈ ನಿಧಿಯನ್ನು ಬೆಂಕಿ ತಡೆಗೂ ಬಳಸಬಹುದೆಂದು ನಿಯಮದಲ್ಲೇ ಇದೆ. ಅಂದರೆ ಒಂದು ಗುಡ್ಡದ ಕಾಡು ಹೋದ ಬೆಲೆಯಿಂದ ಇನ್ನೊಂದು ಗುಡ್ಡದ ಕಾಡನ್ನು ಬೆಂಕಿಯಿಂದ ಉಳಿಸಿಕೊಳ್ಳುವುದು. ಈ ಲೆಕ್ಕ ನನಗೆ ಎಂದೂ ಸಮಾಧಾನ ಕೊಟ್ಟಿಲ್ಲ. ಆದರೂ ಬಂದ ದುಡ್ಡು ಸರಿಯಾದ ಜಾಗಕ್ಕೆ ಮುಟ್ಟಲಿ ಎಂದು ಕೇಳುವ ಹಕ್ಕು ಈ ಗುಡ್ಡಗಳ ಬುಡದ ಊರುಗಳಿಗೆ ಎಲ್ಲರಿಗಿಂತ ಹೆಚ್ಚು.

ಸರಿಯಾದ ಜಾಗ ಎಂದರೆ ಬೆಂಕಿ ರೇಖೆ. ಕಾಡಿನ ಅಂಚಿನಲ್ಲಿ, ದಾರಿಗಳ ಪಕ್ಕದಲ್ಲಿ ಉದ್ದಕ್ಕೆ ಒಂದು ಪಟ್ಟಿಯ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು, ಒಣಗಲು ಬಿಟ್ಟು, ನಡುವಿಗೆ ಎಳೆದು ಹಾಕುತ್ತಾರೆ. ಗಾಳಿ ಇಲ್ಲದ ಹೊತ್ತು ನೋಡಿ, ಎರಡೂ ಬದಿಗೆ ಹಸಿ ಕೊಂಬೆ ಹಿಡಿದ ಆಳುಗಳನ್ನು ನಿಲ್ಲಿಸಿಕೊಂಡು ಸ್ವಲ್ಪ ಸ್ವಲ್ಪವಾಗಿ ಸುಡುತ್ತಾರೆ. ಕಿಡಿ ಆಚೆ ಹಾರಿದರೆ ಓಡಿಹೋಗಿ ಬಡಿಯಬೇಕು. ಕೆಲಸ ಮುಗಿದಾಗ ಉಳಿಯುವುದು ಒಂದು ಬೋಳು ಪಟ್ಟಿ. ಬೇಸಿಗೆಯ ಬೆಂಕಿ ಅಲ್ಲಿಗೆ ಬಂದು ತಿನ್ನಲು ಏನೂ ಸಿಗದೆ ನಿಲ್ಲಬೇಕು. ಹುಲ್ಲು ಪೂರ್ತಿ ಒಣಗಿ ಬಿರುಗಾಳಿ ಏಳುವ ಮೊದಲೇ ಇದಾಗಬೇಕು. ಫೆಬ್ರುವರಿ ದಾಟಿದ ಮೇಲೆ ರೇಖೆ ಸುಡಲು ಹೊರಟರೆ ಆ ಬೆಂಕಿಯೇ ಕೈಮೀರುವ ಅಪಾಯ. ದುಡ್ಡಿನ ವರ್ಷ ಮಾರ್ಚಿಗೆ ಮುಗಿಯುತ್ತದೆ, ಬೆಂಕಿಯ ಕಾಲ ಜನವರಿಗೆ ಶುರುವಾಗಿ ಮೇವರೆಗೂ ನಡೆಯುತ್ತದೆ. ಕಂತು ತಡವಾದರೆ ಆ ವರ್ಷದ ರೇಖೆ ಕಾಗದದಲ್ಲಷ್ಟೇ ಇರುತ್ತದೆ.

2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 4 ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಎಲ್ಲರ ಕಣ್ಣೂ ಆಕಾಶದ ಕಡೆ ಹೋಯಿತು. ಉಪಗ್ರಹ ಬೆಂಕಿ ಕಂಡು ಮೊಬೈಲಿಗೆ ಸಂದೇಶ ಕಳಿಸುವ ಏರ್ಪಾಟೂ ಈಗ ಚೆನ್ನಾಗಿದೆ. ಆದರೆ ಸಂದೇಶ ಬಂದ ಮೇಲೆ ಗುಡ್ಡ ಹತ್ತುವ ಕಾಲು ಬೇಕಲ್ಲ? ಆ ಕಾಲು ಬೇಸಿಗೆಯ ಮಟ್ಟಿಗೆ ದಿನಗೂಲಿಗೆ ಬರುವ ಫೈರ್ ವಾಚರುಗಳದ್ದು. ಬಹುತೇಕ ಅವರು ಕಾಡಂಚಿನ ಊರಿನವರೇ. ಯಾವ ಹಳ್ಳದ ದಾರಿ ಎಲ್ಲಿಗೆ ಏರುತ್ತದೆ, ಯಾರ ಕುರಿ ಎಲ್ಲಿ ಮೇಯುತ್ತದೆ ಎಂದು ಬಲ್ಲವರು. ಬೆಂಕಿ ಹಚ್ಚಬಹುದಾದವನ ಜೊತೆ ಮಾತಾಡಿ ಮನಸ್ಸು ತಿರುಗಿಸಬಲ್ಲವರೂ ಅವರೇ.

ಗಣಿ ಜಿಲ್ಲೆಗಳಿಗೆ ಇನ್ನೂ ಎರಡು ಹುಂಡಿಗಳಿವೆ. 2015ರಿಂದ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಆದ್ಯತೆಯ ಪಟ್ಟಿಯಲ್ಲಿ ಪರಿಸರ ರಕ್ಷಣೆಯೂ ಇದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಮೇಲೆ ಕೂಡಿಬಿದ್ದ ಸಾವಿರಾರು ಕೋಟಿ ರೂಪಾಯಿ, ಕೋರ್ಟಿನ ಮೇಲ್ವಿಚಾರಣೆಯಲ್ಲಿ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಇದೆ. ರಸ್ತೆ, ಆಸ್ಪತ್ರೆ, ಶಾಲೆಯ ಕಟ್ಟಡ ಬೇಡವೆನ್ನುವವರು ಯಾರೂ ಇಲ್ಲ. ಅದರ ಜೊತೆಗೇ ಕಾಡಂಚಿನ ಪ್ರತಿ ಪಂಚಾಯಿತಿಗೆ ಒಂದು ಕಾವಲು ತಂಡ, ಡಿಸೆಂಬರ್‌ನಲ್ಲೇ ಕೈಸೇರುವ ಕೂಲಿ, ಗಟ್ಟಿ ಬೂಟು, ನೀರಿನ ಕ್ಯಾನು, ಜೀವವಿಮೆ, ಕುರಿಗಾರರಿಗೆ ಬೇಸಿಗೆಯ ಮೇವು ಎಂದು ಬರೆದರೆ ಆ ನಿಧಿಯ ಎದುರು ಅದು ಎಷ್ಟರ ಖರ್ಚು? ಮುಂದಿನ ಕ್ರಿಯಾ ಯೋಜನೆಯ ಪಟ್ಟಿ ಗ್ರಾಮಸಭೆಗೆ ಬಂದಾಗ ಮರಿಯಮ್ಮನಹಳ್ಳಿ ಸುತ್ತಿನ ಊರುಗಳವರು ಈ ಬಾಬ್ತುಗಳನ್ನು ಹೆಸರು ಹಿಡಿದು ಕೇಳಬೇಕು, ಠರಾವಿನಲ್ಲಿ ಬರೆಸಬೇಕು.