ಮರವಂತೆಯ ಕಡಲ್ಕೊರೆತಕ್ಕೂ ಮಾಸ್ತಿಕಟ್ಟೆಯ ಹೊಳೆಗೂ ಏನು ಸಂಬಂಧ? ಮನೆ ಸಮುದ್ರದ ಪಾಲಾದರೆ ಪರಿಹಾರ ಯಾರು ಕೊಡ್ತಾರೆ?

ಮಾಸ್ತಿಕಟ್ಟೆ: ಮಳೆಗಾಲ ಹಿಡಿದ ಕೂಡಲೇ ಎರಡು ಸುದ್ದಿ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತವೆ. ಹುಲಿಕಲ್, ಮಾಸ್ತಿಕಟ್ಟೆ, ಮಾಣಿಯಲ್ಲಿ ಇಷ್ಟು ಮಿಲಿಮೀಟರ್ ಮಳೆ ಅನ್ನೋದು ಒಂದು. ಮರವಂತೆಯಲ್ಲಿ, ಉಳ್ಳಾಲದಲ್ಲಿ ಕಡಲ್ಕೊರೆತ, ತೆಂಗಿನ ಮರಗಳು ನೀರುಪಾಲು, ದಡದ ಮನೆಗಳಿಗೆ ಅಪಾಯ ಅನ್ನೋದು ಇನ್ನೊಂದು. ಮೊದಲನೆಯದು ಘಟ್ಟದ ಮೇಲಿನವರ ಸುದ್ದಿ, ಎರಡನೆಯದು ಕೆಳಗಿನವರ ಸುದ್ದಿ ಅಂತ ಓದಿ ಮಡಚಿಡೋದು ರೂಢಿ. ಆದರೆ ಕುಂದಾಪುರ ಭಾಗದ ಮಟ್ಟಿಗೆ ಇವೆರಡೂ ಬೇರೆ ಬೇರೆ ಅಲ್ಲ. ಒಂದೇ ಹೊಳೆಯ ಎರಡು ತುದಿ.

ಗಂಗೊಳ್ಳಿ ಹತ್ತಿರ ಐದು ಹೊಳೆಗಳು ಸೇರಿ ಸಮುದ್ರಕ್ಕೆ ಬೀಳುವ ಜಾಗಕ್ಕೆ ಪಂಚಗಂಗಾವಳಿ ಅಂತ ಹೆಸರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ. ಇವುಗಳಲ್ಲಿ ವಾರಾಹಿ ಹುಟ್ಟೋದು ಹೊಸನಗರ ತಾಲ್ಲೂಕಿನಲ್ಲೇ. ಚಕ್ರಾದ ಮೇಲ್ಭಾಗವೂ ಇದೇ ತಾಲ್ಲೂಕಿನದ್ದು. ಸೌಪರ್ಣಿಕಾಗೆ ನೀರು ಕೊಡೋದು ಕೊಡಚಾದ್ರಿಯ ಇಳಿಜಾರು. ಅಂದರೆ ಇಲ್ಲಿನ ಗುಡ್ಡದ ಮೇಲೆ ಬಿದ್ದ ಮಳೆ ಗಂಗೊಳ್ಳಿ ಅಳಿವೆಯಲ್ಲಿ ಸಮುದ್ರ ಸೇರುತ್ತೆ. ನೀರು ಬರೀ ನೀರಾಗಿ ಹೋಗಲ್ಲ, ಮರಳು, ಮಣ್ಣು ಹೊತ್ತುಕೊಂಡು ಹೋಗುತ್ತೆ. ಆ ಮರಳೇ ಕರಾವಳಿಯ ದಡ.

ಇದನ್ನು ಅಂಗಡಿ ನಡೆಸುವವರಿಗೆ ಹೇಳೋದು ಸುಲಭ. ದಡ ಅನ್ನೋದು ಮರಳಿನ ಸ್ಟಾಕ್. ಹೊಳೆಗಳು ತರೋದು ಒಳಗೆ ಬರುವ ಮಾಲು. ಅಲೆಗಳು ಎಳೆದುಕೊಂಡು ಹೋಗೋದು, ಜನ ತೆಗೆದು ಸಾಗಿಸೋದು ಹೊರಗೆ ಹೋಗುವ ಮಾಲು. ಒಳಗೆ ಬರೋದು ಕಡಿಮೆಯಾಗಿ ಹೊರಗೆ ಹೋಗೋದು ಹಾಗೇ ಮುಂದುವರಿದರೆ ಒಂದು ದಿನ ರ‍್ಯಾಕ್ ಖಾಲಿ. ಕರಾವಳಿಯಲ್ಲಿ ಆ ರ‍್ಯಾಕಿನ ಮೇಲೆ ಮನೆ ಕಟ್ಟಿಕೊಂಡು ಕೂತವರಿದ್ದಾರೆ.

ಮಳೆಗಾಲದಲ್ಲಿ ಮರಳು ಹೋಗೋದು ಮಾಮೂಲಿ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಬೀಚ್ ಸಣ್ಣದಾಗೋದು ಹೊಸದೇನಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಅಲೆಗಳು ಎತ್ತರವಾಗಿ, ಒಂದರ ಹಿಂದೆ ಒಂದು ಬಿಡುವಿಲ್ಲದೆ ಬಡಿಯುತ್ತವೆ. ದಡದ ಮರಳನ್ನು ಕಿತ್ತು ಸ್ವಲ್ಪ ಆಚೆ ನೀರಿನೊಳಗೆ ದಿಬ್ಬವಾಗಿ ಹಾಕುತ್ತವೆ. ಮಾರುತ ತಗ್ಗಿದ ಮೇಲೆ ಬರುವ ಸಣ್ಣ, ನಿಧಾನದ ಅಲೆಗಳು ಅದೇ ಮರಳನ್ನು ಮೆಲ್ಲಗೆ ದಡಕ್ಕೆ ತಂದು ಹಾಕುತ್ತವೆ. ಡಿಸೆಂಬರ್ ಹೊತ್ತಿಗೆ ಬೀಚ್ ಮತ್ತೆ ಅಗಲ. ಮೊಗವೀರರಿಗೆ ಇದು ತಲೆಮಾರುಗಳಿಂದ ಗೊತ್ತಿರುವ ಲೆಕ್ಕ. ಹಿಂದಿನವರು ಮನೆಯನ್ನು ದಡದಿಂದ ಹಿಂದೆ ಸರಿಸಿ ಕಟ್ಟಿ, ಎದುರಿನ ಜಾಗವನ್ನು ದೋಣಿ ಎಳೆಯೋಕೆ, ಬಲೆ, ಮೀನು ಒಣಗಿಸೋಕೆ ಬಿಡುತ್ತಿದ್ದುದರಲ್ಲಿ ಈ ಲೆಕ್ಕವೂ ಇತ್ತು.

ತೊಂದರೆ ಇರೋದು ಹೋದ ಮರಳು ಪೂರ್ತಿ ವಾಪಸ್ ಬರದಿದ್ದಾಗ. ಪ್ರತಿ ವರ್ಷ ಒಂದೊಂದು ಮೀಟರ್ ಕಡಿಮೆ ಬಂದರೂ ಇಪ್ಪತ್ತು ವರ್ಷಕ್ಕೆ ಇಪ್ಪತ್ತು ಮೀಟರ್. ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ನಾಲ್ಕು ತೆಂಗಿನ ಮರ ಇರುವ ಕುಟುಂಬಕ್ಕೆ ಇಪ್ಪತ್ತು ಮೀಟರ್ ಅಂದರೆ ಇಡೀ ಆಸ್ತಿ. ಮನೆಗಿಂತ ಮೊದಲು ಕೆಡೋದು ಬಾವಿ. ಉಪ್ಪು ನೀರು ಒಳಗೆ ನುಗ್ಗಿದ ಮೇಲೆ ಮನೆ ನಿಂತಿದ್ದರೂ ಕುಡಿಯೋಕೆ ನೀರಿರಲ್ಲ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಅಧ್ಯಯನ ಮಾಡಿದೆ. ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆಯುತ್ತಿದೆ, ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಡೆ ದಡ ಬೆಳೆಯುತ್ತಿದೆ ಅನ್ನೋದು ಅದರ ಲೆಕ್ಕ. ಕರ್ನಾಟಕದಲ್ಲಿ ಕೊರೆಯುತ್ತಿರೋದು ಹತ್ತಿರ ಹತ್ತಿರ ಕಾಲು ಭಾಗ. ಬಂಗಾಳ, ಕೇರಳದ ಜೊತೆ ಹೋಲಿಸಿದರೆ ಇದು ಕಡಿಮೆಯೇ. ಆದರೆ ಆ ಕಾಲು ಭಾಗದಲ್ಲಿ ಮನೆ ಇರುವವರಿಗೆ ಸರಾಸರಿ ಕಟ್ಟಿಕೊಂಡು ಏನೂ ಆಗಬೇಕಿಲ್ಲ.

ಮೇಲಿನಿಂದ ಮರಳು ಯಾಕೆ ಕಡಿಮೆ?

ವಾರಾಹಿಗೆ ಮಾಣಿಯಲ್ಲಿ ಅಣೆಕಟ್ಟು ಇದೆ. ಅಲ್ಲಿ ನಿಂತ ನೀರು ಸುರಂಗದ ಮೂಲಕ ಇಳಿದು ಹೊಸಂಗಡಿಯ ಭೂಗತ ವಿದ್ಯುದಾಗಾರದಲ್ಲಿ ಟರ್ಬೈನ್ ತಿರುಗಿಸುತ್ತೆ. ಒಟ್ಟು 460 ಮೆಗಾವ್ಯಾಟ್. ಹರಿಯುವ ಹೊಳೆ ಡ್ಯಾಂ ಹಿಂದೆ ನಿಂತ ಕೂಡಲೇ ಹೊತ್ತು ತಂದ ಮರಳು, ಕಲ್ಲುಪುಡಿ ತಳಕ್ಕೆ ಕೂರುತ್ತೆ. ಟರ್ಬೈನಿಗೆ ಹೋಗೋದು ತಿಳಿನೀರು. ಕುಂಚಿಕಲ್ ಜಲಪಾತವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 455 ಮೀಟರ್ ಎತ್ತರದಿಂದ ಹಂತ ಹಂತವಾಗಿ ಇಳಿಯುವ ಈ ಜಲಪಾತದಲ್ಲಿ ಡ್ಯಾಂ ಆದ ಮೇಲೆ ನೀರು ಕಾಣೋದು ಮಳೆಗಾಲದಲ್ಲಿ ಮಾತ್ರ. ಹೊಳೆಯ ಆ ಇಳಿಜಾರಿನ ಶಕ್ತಿಯೇ ಕಲ್ಲು ಪುಡಿ ಮಾಡಿ ಮರಳನ್ನು ಕೆಳಗೆ ತಳ್ಳುತ್ತಿದ್ದುದು.

ಚಕ್ರಾದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಚಕ್ರಾ, ಸಾವೆಹಕ್ಲು ಅಣೆಕಟ್ಟುಗಳಲ್ಲಿ ಹಿಡಿದ ನೀರನ್ನು ಲಿಂಗನಮಕ್ಕಿ ಕಡೆಗೆ ತಿರುಗಿಸಲಾಗಿದೆ. ಗಂಗೊಳ್ಳಿಗೆ ಇಳಿಯಬೇಕಿದ್ದ ಆ ಪಾಲು ಶರಾವತಿ ಸೇರಿ ಹೊನ್ನಾವರದಲ್ಲಿ ಸಮುದ್ರಕ್ಕೆ ಹೋಗುತ್ತೆ.

ಹಾಗಂತ ಎಲ್ಲಾ ತಪ್ಪನ್ನೂ ಡ್ಯಾಂ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಡ್ಯಾಂಗಳು ಇರೋದು ಘಟ್ಟದ ಮೇಲೆ. ಅವುಗಳ ಕೆಳಗೆ ಘಟ್ಟದ ಇಡೀ ಇಳಿಜಾರು, ಹೊಸಂಗಡಿ, ಸಿದ್ದಾಪುರ, ಶಂಕರನಾರಾಯಣದವರೆಗಿನ ಹಳ್ಳಗಳೆಲ್ಲ ಈಗಲೂ ಹೊಳೆಗೆ ಮರಳು ತರುತ್ತವೆ. ಸೌಪರ್ಣಿಕಾಗೆ ಮಾಣಿಯಂಥ ದೊಡ್ಡ ಡ್ಯಾಂ ಇಲ್ಲ. ಕೆಳಗೆ ಬಂದ ಮರಳೂ ಸಮುದ್ರ ಮುಟ್ಟುವ ಮೊದಲು ಲಾರಿ ಹತ್ತುತ್ತೆ ಅನ್ನೋದು ಇನ್ನೊಂದು ಲೆಕ್ಕ. ಅಳಿವೆ ಹತ್ತಿರದ ಸಿಆರ್‌ಝಡ್ ವ್ಯಾಪ್ತಿಯಲ್ಲಿ ಮರಳುಗಾರಿಕೆಗೆ ಅವಕಾಶವೇ ಇಲ್ಲ. ದೋಣಿ ಓಡಾಟಕ್ಕೆ ಅಡ್ಡವಾದ ದಿಬ್ಬಗಳನ್ನು ಸಾಂಪ್ರದಾಯಿಕವಾಗಿ ಈ ಕೆಲಸ ಮಾಡುವವರು ಕೈಯಿಂದ ತೆರವು ಮಾಡಬಹುದು, ಅಷ್ಟೇ. ಕಾಗದದ ಮೇಲಿನ ಈ ನಿಯಮ ಮತ್ತು ಹೊಳೆಯಲ್ಲಿ ನಡೆಯೋದು ಎಷ್ಟು ಹೊಂದುತ್ತೆ ಅನ್ನೋದನ್ನು ಮನೆ ಕಟ್ಟಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಸೀವಾಕ್ ಅಂದರೆ ಏನು ಅಂತ ಯೋಚಿಸಿದ್ದೀರಾ?

ಇಲ್ಲಿಂದ ಬಾಳೆಬರೆ ಘಾಟಿ ಇಳಿದು ಕುಂದಾಪುರಕ್ಕೆ ಹೋದವರು ಕೋಡಿ ಸೀವಾಕ್ ನೋಡದೆ ಬರಲ್ಲ. ಸಮುದ್ರದೊಳಗೆ ಚಾಚಿದ ಆ ದಾರಿ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಅದು ಬ್ರೇಕ್‌ವಾಟರ್. ಗಂಗೊಳ್ಳಿ ಅಳಿವೆಯಲ್ಲಿ ಮೀನುಗಾರಿಕೆ ದೋಣಿಗಳು ಮಗುಚದೆ ಒಳಗೆ ಬರಲಿ, ಅಳಿವೆ ಬಾಯಿ ಮರಳಿನಿಂದ ಮುಚ್ಚದಿರಲಿ ಅಂತ ಕಟ್ಟಿದ ಕಲ್ಲಿನ ಗೋಡೆ. ದೋಣಿಯವರಿಗೆ ಅದು ಬೇಕೇ ಬೇಕಿತ್ತು. ಅಳಿವೆಯಲ್ಲಿ ದೋಣಿ ಮಗುಚಿ ಜೀವ ಹೋಗೋದು ಕರಾವಳಿಯಲ್ಲಿ ಅಪರೂಪದ ಸುದ್ದಿ ಅಲ್ಲ.

ಆದರೆ ಮರಳು ದಡದ ಉದ್ದಕ್ಕೂ ಓಡಾಡುತ್ತೆ. ಒಂದು ಕಾಲದಲ್ಲಿ ಉತ್ತರಕ್ಕೆ, ಇನ್ನೊಂದು ಕಾಲದಲ್ಲಿ ದಕ್ಷಿಣಕ್ಕೆ. ಅದರ ದಾರಿಗೆ ಅಡ್ಡ ಗೋಡೆ ಬಂದರೆ ಒಂದು ಪಕ್ಕ ಮರಳು ರಾಶಿ ಬೀಳುತ್ತೆ, ಅದು ಹೋಗಿ ಸೇರಬೇಕಿದ್ದ ಜಾಗದಲ್ಲಿ ಕೊರತೆಯಾಗುತ್ತೆ. ಕರಾವಳಿಯಲ್ಲಿ ಇದಕ್ಕೆ ಹೆಚ್ಚು ಚರ್ಚೆಯಾದ ಉದಾಹರಣೆ ಉಳ್ಳಾಲ. ನೇತ್ರಾವತಿ–ಗುರುಪುರ ಅಳಿವೆಗೆ 1990ರ ದಶಕದಲ್ಲಿ ಬ್ರೇಕ್‌ವಾಟರ್ ಕಟ್ಟಿದ ಮೇಲೆ ದಕ್ಷಿಣ ಪಕ್ಕದ ಉಳ್ಳಾಲದಲ್ಲಿ ಕೊರೆತ ಜೋರಾಯಿತು. ಮನೆಗಳು ಹೋದವು. ಕೊನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು, ದಡದಿಂದ ಆಚೆ ನೀರಿನೊಳಗೆ ದಿಣ್ಣೆಗಳನ್ನು ಕಟ್ಟಿ ಅಲೆಯ ಹೊಡೆತ ಕಡಿಮೆ ಮಾಡುವ ಕೆಲಸ ಮಾಡಬೇಕಾಯಿತು.

ಮರವಂತೆಯದ್ದು ಬೇರೆಯೇ ಕಥೆ. ಅಲ್ಲಿ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಹೊಳೆ ಸಮುದ್ರದ ಇಷ್ಟು ಹತ್ತಿರ ಬಂದೂ ಸೇರದೆ, ತಿರುಗಿ ದಕ್ಷಿಣಕ್ಕೆ ಗಂಗೊಳ್ಳಿಗೆ ಹೋಗುತ್ತೆ. ಫೋಟೋಗೆ ಚೆಂದ. ಆದರೆ ಆ ರಸ್ತೆಯ ಪಟ್ಟಿ ಒಡೆದರೆ ಹೊಳೆಯ ಹಾದಿಯೂ, ಮಂಗಳೂರು–ಕಾರವಾರ ಸಂಚಾರವೂ ಒಟ್ಟಿಗೇ ಕೆಡುತ್ತವೆ. ಅದಕ್ಕೇ ಅಲ್ಲಿ ಕಲ್ಲಿನ ತಡೆಗೋಡೆಯ ಜೊತೆಗೆ, ಇದೇ ಬ್ಯಾಂಕಿನ ಯೋಜನೆಯಡಿ, ದಡಕ್ಕೆ ಅಡ್ಡವಾಗಿ ಸಮುದ್ರಕ್ಕೆ ಚಾಚಿದ ಸಣ್ಣ ಸಣ್ಣ ಕಲ್ಲುಗೋಡೆಗಳನ್ನು ಹಾಕಿರೋದು. ಗ್ರೋಯ್ನ್ ಅಂತಾರೆ. ಎರಡು ಗೋಡೆಗಳ ಮಧ್ಯೆ ಮರಳು ನಿಲ್ಲಲಿ ಅನ್ನೋದು ಲೆಕ್ಕಾಚಾರ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕರಾವಳಿಯುದ್ದಕ್ಕೂ ದಡ, ರಸ್ತೆ, ಮನೆಗಳಿಗೆ ಪೆಟ್ಟಾಯಿತು. ಮಳೆಗಾಲ ಶುರುವಾಗುವ ಮೊದಲೇ ಬಿದ್ದ ಪೆಟ್ಟು ಅದು.

ಬರೀ ಕಲ್ಲು ಸುರಿಯೋದು ಯಾಕೆ ಸಾಲಲ್ಲ? ಅಲೆ ಮರಳಿನ ಇಳಿಜಾರಿನ ಮೇಲೆ ಹತ್ತಿ ಸುಸ್ತಾಗಿ ಇಳಿಯುತ್ತೆ. ಕಲ್ಲುಗೋಡೆಗೆ ಬಡಿದರೆ ಅದೇ ರಭಸದಲ್ಲಿ ವಾಪಸ್ ಬಂದು ಗೋಡೆಯ ಬುಡದ ಮರಳನ್ನೇ ಎಳೆಯುತ್ತೆ. ಬುಡ ಸಡಿಲಾಗಿ ಕಲ್ಲು ಕೂರುತ್ತೆ. ಮುಂದಿನ ವರ್ಷ ಮತ್ತೆ ಟೆಂಡರ್, ಮತ್ತೆ ಕಲ್ಲು. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಪಕ್ಕದ ಮನೆಗೆ ದಾಟುತ್ತೆ. ಕೈರಂಪಣಿ ಎಳೆಯುವವರಿಗೆ, ನಾಡದೋಣಿಯವರಿಗೆ ದೋಣಿ ಹತ್ತಿಸೋಕೆ ಮರಳು ದಡವೇ ಉಳಿಯಲ್ಲ. ಇಷ್ಟಾದರೂ ಜುಲೈ ರಾತ್ರಿ ಅಂಗಳಕ್ಕೆ ನೀರು ಬಂದಾಗ ಜನ ಕೇಳೋದು ಕಲ್ಲನ್ನೇ. ಆ ಹೊತ್ತಿಗೆ ಬೇರೆ ದಾರಿ ಇರಲ್ಲ, ಅವರನ್ನು ದೂರಿ ಪ್ರಯೋಜನ ಇಲ್ಲ. ದೂರಬೇಕಿದ್ದರೆ ಬೇಸಿಗೆಯಲ್ಲಿ ಸುಮ್ಮನಿದ್ದು ಮಳೆ ಬಂದ ಮೇಲೆ ಕಲ್ಲು ತರುವ ಪದ್ಧತಿಯನ್ನು ದೂರಬೇಕು.

ಇದರ ಮೇಲೆ ಸಮುದ್ರವೂ ಏರುತ್ತಿದೆ. ಉತ್ತರ ಹಿಂದೂ ಮಹಾಸಾಗರದಲ್ಲಿ 1993ರಿಂದ 2015ರವರೆಗೆ ವರ್ಷಕ್ಕೆ ಸರಾಸರಿ 3.3 ಮಿಲಿಮೀಟರ್ ಅಂತ ಕೇಂದ್ರದ ಭೂವಿಜ್ಞಾನ ಸಚಿವಾಲಯದ ವರದಿ ಹೇಳುತ್ತೆ. ಅಂದಹಾಗೆ ಪೇಪರಿನಲ್ಲಿ ಮಾಣಿ ಡ್ಯಾಂ ಮಟ್ಟ ಬರೆಯುವಾಗ ಎಂಎಸ್‌ಎಲ್ ಅಂತ ಹಾಕೋದೂ ಸಮುದ್ರ ಮಟ್ಟದಿಂದ ಅಳೆದ ಲೆಕ್ಕವೇ.

ಮನೆ ಹೋದರೆ ಏನು ಸಿಗುತ್ತೆ?

ಇಲ್ಲಿದೆ ನಿಜವಾದ ಕಗ್ಗಂಟು. ವಿಪತ್ತು ಪರಿಹಾರ ನಿಧಿಯಿಂದ ದುಡ್ಡು ಕೊಡಲು ಕೇಂದ್ರ ಸರ್ಕಾರ ಗುರುತಿಸಿದ ವಿಪತ್ತುಗಳು ಹನ್ನೆರಡು. ಪ್ರವಾಹ, ಚಂಡಮಾರುತ, ಭೂಕುಸಿತ, ಬರ, ಭೂಕಂಪ, ಸುನಾಮಿ, ಆಲಿಕಲ್ಲು ಇತ್ಯಾದಿ. ಆ ಪಟ್ಟಿಯಲ್ಲಿ ಕಡಲ್ಕೊರೆತ ಇಲ್ಲ. ಚಂಡಮಾರುತದ ದಿನ ಮನೆ ಬಿದ್ದರೆ ಅದು ಚಂಡಮಾರುತದ ಹಾನಿ. ಯಾವ ಚಂಡಮಾರುತವೂ ಇಲ್ಲದೆ ಹತ್ತು ವರ್ಷ ಸ್ವಲ್ಪ ಸ್ವಲ್ಪವೇ ಕೊರೆದು ಬಿದ್ದರೆ ಅದನ್ನು ಯಾವ ಕಾಲಂನಲ್ಲಿ ಬರೆಯೋದು ಅನ್ನೋದೇ ಪ್ರಶ್ನೆ.

2022ರಿಂದ 2026ರವರೆಗಿನ ಕೇಂದ್ರದ ಮಾರ್ಗಸೂಚಿ ಪ್ರಕಾರ ಬಯಲು ಸೀಮೆಯಲ್ಲಿ ಪೂರ್ತಿ ಹಾನಿಯಾದ ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡಿನಲ್ಲಿ 1.30 ಲಕ್ಷ. ಗುಡ್ಡ ಜರಿದು ಅಥವಾ ಹೊಳೆ ದಿಕ್ಕು ಬದಲಿಸಿ ಜಮೀನು ಹೋದರೆ ಸಣ್ಣ, ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂಪಾಯಿ. ಸಮುದ್ರ ತಿಂದ ಐದು ಸೆಂಟ್ಸ್ ಮನೆ ಜಾಗ ಈ ಸಾಲಿಗೂ ಕೂರಲ್ಲ. ಮನೆ ಬಿದ್ದರೆ ಅದೇ ಜಾಗದಲ್ಲಿ ಮತ್ತೆ ಕಟ್ಟಬಹುದು ಅನ್ನೋ ನಂಬಿಕೆಯ ಮೇಲೆ ಈ ಮೊತ್ತಗಳು ನಿಂತಿವೆ. ಕಡಲ್ಕೊರೆತದಲ್ಲಿ ಹೋಗೋದು ಜಾಗವೇ.

15ನೇ ಹಣಕಾಸು ಆಯೋಗ ಇದನ್ನು ಗಮನಿಸಿ, 2021ರಿಂದ 2026ರ ಅವಧಿಗೆ ಸಮುದ್ರ ಮತ್ತು ನದಿ ಕೊರೆತ ತಡೆಗೆ 1,500 ಕೋಟಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತು. ಇಡೀ ದೇಶಕ್ಕೆ, ಐದು ವರ್ಷಕ್ಕೆ. ಬ್ರಹ್ಮಪುತ್ರ, ಗಂಗೆಯ ದಂಡೆಯವರೂ ಇದೇ ಸಾಲಿನಲ್ಲಿ ನಿಂತಿದ್ದಾರೆ.

ಪುನರ್ವಸತಿ ಅನ್ನೋ ಪದ ಈ ಭಾಗದವರಿಗೆ ಹೊಸದಲ್ಲ. ಲಿಂಗನಮಕ್ಕಿಯಿಂದ ಎದ್ದು ಬಂದವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ಮುಳುಗಡೆಯಲ್ಲಿ ಕೊನೆಗೆ ನೋಟಿಸ್ ಆದರೂ ಬರುತ್ತಿತ್ತು. ಮೀನುಗಾರ ಕುಟುಂಬಕ್ಕೆ ಬದಲಿ ಸೈಟ್ ಕೊಡ್ತೀವಿ ಅಂದರೂ ಅದು ದಡದಿಂದ ಎಂಟು ಹತ್ತು ಕಿಲೋಮೀಟರ್ ಒಳಗಿದ್ದರೆ ದೋಣಿ ಎಲ್ಲಿಡಬೇಕು, ರಾತ್ರಿ ಮೂರಕ್ಕೆ ಕಡಲಿಗೆ ಹೇಗೆ ಹೋಗಬೇಕು? ಅಪಾಯ ಗೊತ್ತಿದ್ದೂ ದಡ ಬಿಡಲ್ಲ ಅನ್ನೋದಕ್ಕೆ ಇದೇ ಕಾರಣ.

ಅಲ್ಲಿ ಸೈಟ್ ತಗೊಳ್ಳುವವರು ಗಮನಿಸಿ

ಅಡಿಕೆಗೆ ರೇಟು ಬಂದ ವರ್ಷ ಬೀಚ್ ಹತ್ತಿರ ಒಂದು ಸೈಟ್ ತಗೊಂಡು ಹೋಂಸ್ಟೇ ಮಾಡೋಣ ಅನ್ನುವವರಿಗೆ ಒಂದಿಷ್ಟು ಮಾತು. ಗ್ರಾಮೀಣ ಕರಾವಳಿಯಲ್ಲಿ ಭರತ ರೇಖೆಯಿಂದ, ಅಂದರೆ ದೊಡ್ಡ ಉಬ್ಬರದ ನೀರು ಮುಟ್ಟುವ ಗೆರೆಯಿಂದ, 200 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ಸಾಮಾನ್ಯವಾಗಿ ನಿರ್ಬಂಧ ಇದೆ. ಜನಸಾಂದ್ರತೆ ಹೆಚ್ಚಿರುವ ಕಡೆ 2019ರ ಅಧಿಸೂಚನೆ ಅದನ್ನು 50 ಮೀಟರಿಗೆ ಇಳಿಸಿದೆ. ಯಾವ ಸರ್ವೆ ನಂಬರ್ ಎಲ್ಲಿ ಬರುತ್ತೆ ಅನ್ನೋದು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿರುತ್ತೆ. ಬ್ರೋಕರ್ ತೋರಿಸುವ ಪ್ರತಿ ನಂಬಬೇಡಿ, ಉಡುಪಿಯ ಪರಿಸರ ಇಲಾಖೆ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲೇ ಕೇಳಿ. ನಕ್ಷೆಯಲ್ಲಿ ಹಜಾರ್ಡ್ ಲೈನ್ ಅಂತ ಇನ್ನೊಂದು ಗೆರೆಯೂ ಇರುತ್ತೆ, ಸಮುದ್ರ ಏರಿಕೆ ಮತ್ತು ಕೊರೆತವನ್ನು ಲೆಕ್ಕ ಹಾಕಿ ಎಳೆದದ್ದು. ಅದರ ಒಳಗೆ ಕಟ್ಟಬಾರದು ಅಂತ ಕಾನೂನು ಹೇಳಲ್ಲ. ಆದರೆ ದುಡ್ಡು ಹಾಕುವವರು ಆ ಗೆರೆ ಎಲ್ಲಿದೆ ಅಂತ ನೋಡಿಕೊಳ್ಳೋದು ಒಳ್ಳೆಯದು.

ಜಾಗ ನೋಡೋಕೆ ಡಿಸೆಂಬರಿನಲ್ಲಿ ಹೋದರೆ ಬೀಚ್ ಅಗಲವಾಗಿ, ಎಲ್ಲ ಸರಿಯಾಗಿಯೇ ಕಾಣುತ್ತೆ. ಜುಲೈನಲ್ಲಿ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರದ ಹೊತ್ತಿಗೆ ಇನ್ನೊಮ್ಮೆ ಹೋಗಿ, ಅಕ್ಕಪಕ್ಕದ ಮನೆಯವರ ಬಾವಿ ನೀರು ಹೇಗಿದೆ ಅಂತ ಕೇಳಿ ಬನ್ನಿ.